ಹಳೆ ಐ10 ಆಟೋಮ್ಯಾಟಿಕ್‌ಗೆ ಎಸ್‌ಪಿ-3 ಆಯಿಲ್: ಹುಬ್ಬಳ್ಳಿಯಿಂದ ಒಂದು ರಿವ್ಯೂ

ನೇರವಾಗಿ ವಿಷಯಕ್ಕೆ ಬರುತ್ತೇನೆ. ಗಾಡಿ ಹ್ಯುಂಡೈ ಐ10, 1.2 ಕಪ್ಪಾ ಪೆಟ್ರೋಲ್, ನಾಲ್ಕು ಗೇರಿನ ಆಟೋಮ್ಯಾಟಿಕ್. ಲಕ್ಷ ಕಿಲೋಮೀಟರ್ ದಾಟಿ ಬಹಳ ಕಾಲವಾಯಿತು. ಹಾಕಿಸಿದ್ದು ಮೋಬಿಸ್ (ಹ್ಯುಂಡೈನ ಬಿಡಿಭಾಗಗಳ ಕಂಪನಿ) ಡಬ್ಬದ ಎಸ್‌ಪಿ-3 ಎಟಿಎಫ್, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ. ಹಾಕಿಸಿದ್ದು ಗೋಕುಲ ರೋಡಿನಿಂದ ಒಳಗೆ ಹೋದರೆ ಸಿಗುವ ಒಂದು ಸಣ್ಣ ಗ್ಯಾರೇಜಿನಲ್ಲಿ. ಆಯಿಲ್‌ಗೆ ಪೂರ್ತಿ ಮಾರ್ಕ್ಸ್. ಗ್ಯಾರೇಜಿಗೆ ಸ್ವಲ್ಪ ಕಡಿಮೆ, ಆದರೆ ಇನ್ನೊಮ್ಮೆ ಖಂಡಿತ ಅಲ್ಲಿಗೇ ಹೋಗುತ್ತೇನೆ.

ಇಷ್ಟೇ ಆದರೆ ನಾಲ್ಕು ಸಾಲಿನಲ್ಲಿ ಮುಗಿಯುತ್ತಿತ್ತು. ಇಷ್ಟುದ್ದ ಬರೆಯುತ್ತಿರುವುದು ಯಾಕೆಂದರೆ ನಮ್ಮ ಕಡೆ ಹಳೆ ಆಟೋಮ್ಯಾಟಿಕ್ ಗಾಡಿ ಇಟ್ಟುಕೊಂಡವರಿಗೆ ಸರಿಯಾದ ಮಾತು ಹೇಳುವವರು ಬಹಳ ಕಡಿಮೆ. ಹುಬ್ಬಳ್ಳಿಯ ಆಯಿಲ್ ಅಂಗಡಿಗಳು ಲಾರಿ, ಟ್ರ್ಯಾಕ್ಟರ್, ಜೆಸಿಬಿ ನಂಬಿಕೊಂಡು ನಡೆಯುವಂಥವು. ನವಲಗುಂದ, ಅಣ್ಣಿಗೇರಿ ಕಡೆಯಿಂದ ಬಂದವರು 90 ನಂಬರ್ ಗೇರ್ ಆಯಿಲ್ ಬೇಕು, ಇನ್ನೂ ದಪ್ಪದ 140 ನಂಬರ್ ಬೇಕು ಅಂತ ದೊಡ್ಡ ಡಬ್ಬ ಒಯ್ಯುತ್ತಾರೆ. ಅದರಲ್ಲಿ ಅಂಗಡಿಯವರು ಪಕ್ಕಾ. ಆಟೋಮ್ಯಾಟಿಕ್ ಕಾರಿನ ಆಯಿಲ್ ಕೇಳಿದರೆ ಮಾತ್ರ ಕಪಾಟಿನಲ್ಲಿ ಕೆಂಪಗೆ ಏನಿದೆಯೋ ಅದನ್ನೇ ತೆಗೆದು ಮುಂದಿಡುತ್ತಾರೆ. ನಾನು ಕೇಳಿದ ಒಂದು ಅಂಗಡಿಯಲ್ಲಿ ಬಂದ ಉತ್ತರ ಇದು: "ಎಟಿಎಫ್ ಅಂದ್ರ ಎಲ್ಲಾ ಒಂದ ರೀ ಅಕ್ಕಾರ, ಪವರ್ ಸ್ಟೀರಿಂಗಿಗೂ ಇದ, ಗೇರ್‌ಬಾಕ್ಸಿಗೂ ಇದ."

ಒಂದೇ ಅಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಮ್ಯಾನ್ಯುಯಲ್ ಗಾಡಿಯಲ್ಲಿ ಗೇರ್ ಆಯಿಲ್‌ನ ಮುಖ್ಯ ಕೆಲಸ ಹಲ್ಲುಗಳು ಸವೆಯದ ಹಾಗೆ ನೋಡಿಕೊಳ್ಳುವುದು. ಆಟೋಮ್ಯಾಟಿಕ್‌ನಲ್ಲಿ ಅದೇ ಎಣ್ಣೆ ಒತ್ತಡ ಹೊತ್ತು ಗೇರ್ ಬದಲಿಸಬೇಕು, ಟಾರ್ಕ್ ಕನ್ವರ್ಟರ್ ಒಳಗೆ ಇಂಜಿನ್ನಿನ ಶಕ್ತಿಯನ್ನು ದಾಟಿಸಬೇಕು, ಬಿಸಿ ಹೊತ್ತುಕೊಂಡು ಹೋಗಿ ಕೂಲರ್‌ನಲ್ಲಿ ಬಿಡಬೇಕು. ಇದೆಲ್ಲದರ ಜೊತೆ ಒಳಗಿರುವ ಕ್ಲಚ್ ಪ್ಲೇಟುಗಳು ಎಷ್ಟು ಹಿಡಿಯಬೇಕೋ ಅಷ್ಟೇ ಹಿಡಿಯುವ ಹಾಗೆ ಮಾಡಬೇಕು. ಎಲ್ಲಕ್ಕಿಂತ ಕಷ್ಟದ ಕೆಲಸ ಈ ಕೊನೆಯದು. ಜಾರುವಿಕೆ ಜಾಸ್ತಿಯಾದರೆ ಪ್ಲೇಟ್ ಸುಡುತ್ತದೆ, ಕಡಿಮೆಯಾದರೆ ಗಾಡಿ ಜಗ್ಗುತ್ತದೆ. ಅದಕ್ಕಾಗಿ ಎಣ್ಣೆಯಲ್ಲಿ ಬೇರೆ ಬೇರೆ ರಾಸಾಯನಿಕ ಬೆರೆಸುತ್ತಾರೆ, ಒಂದೊಂದು ಕಂಪನಿಯ ಲೆಕ್ಕ ಒಂದೊಂದು ಥರ. 1970ರ ದಶಕದ ಶುರುವಿನವರೆಗೆ ಅಮೆರಿಕದಲ್ಲಿ ಇದಕ್ಕೆ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. ತಿಮಿಂಗಿಲ ಹಿಡಿಯುವುದಕ್ಕೆ ಅಲ್ಲಿ ತಡೆ ಬಿದ್ದ ಮೇಲೆ ಬದಲಿ ವಸ್ತು ಹುಡುಕಬೇಕಾಯಿತು. ಬಣ್ಣ ನೋಡಿ ಎಣ್ಣೆ ಆರಿಸುವವರು ಇದೊಂದನ್ನು ನೆನಪಿಟ್ಟುಕೊಳ್ಳಿ. ಕೆಂಪು ಅನ್ನುವುದು ಬರೀ ಬಣ್ಣ. ಸೋರಿಕೆ ಆದರೆ ಇದು ಇಂಜಿನ್ ಆಯಿಲ್ ಅಲ್ಲ ಅಂತ ಗೊತ್ತಾಗಲಿ ಅಂತ ಹಾಕಿದ್ದು.

ಐ10 ಜೊತೆ ಬರುವ ಕಂಪನಿ ಪುಸ್ತಕದಲ್ಲಿ ಬರೆದಿರುವುದು ಎಸ್‌ಪಿ-3. ಇದು ಮೂಲದಲ್ಲಿ ಮಿತ್ಸುಬಿಷಿ ಕಡೆಯಿಂದ ಬಂದ ಲೆಕ್ಕ. ಹ್ಯುಂಡೈನ ಹಳೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗಳು ಮಿತ್ಸುಬಿಷಿ ವಿನ್ಯಾಸದ ಬೆನ್ನು ಹಿಡಿದು ಬಂದವು, ಹಾಗಾಗಿ ಎಣ್ಣೆಯೂ ಅದೇ ದಾರಿಯಲ್ಲಿ ಬಂತು. ಆಮೇಲೆ ಆರು ಗೇರಿನ ಗಾಡಿಗಳು ಬಂದಾಗ ಎಸ್‌ಪಿ-4 ಬಂತು, ಅದು ಇನ್ನೂ ತೆಳು. ಇಲ್ಲಿ ಬಹಳ ಜನ ಎಡವುತ್ತಾರೆ. "ನಾಲ್ಕು ಮೂರಕ್ಕಿಂತ ಹೊಸದು, ಹಾಗಾದರೆ ಮೇಲು" ಅಂತ ಲೆಕ್ಕ ಹಾಕಿಬಿಡುತ್ತಾರೆ. ಎಸ್‌ಪಿ-3 ಕೇಳುವ ಗಾಡಿಗೆ ಎಸ್‌ಪಿ-4 ಹಾಕಬಾರದು. ಸವೆದ ಹಳೆ ಗೇರ್‌ಬಾಕ್ಸಿಗೆ ತೆಳು ಎಣ್ಣೆ ಬಿದ್ದರೆ ಒತ್ತಡ ನಿಲ್ಲುವುದು ಇನ್ನೂ ಕಷ್ಟವಾಗುತ್ತದೆ, ನಮ್ಮೂರಿನ ಏಪ್ರಿಲ್ ಬಿಸಿಲಿನಲ್ಲಂತೂ ಕೇಳುವುದೇ ಬೇಡ.

ಇನ್ನು ಅಂಗಡಿಯವರು ಕೊಡಲು ಬಂದ ಆ ಕೆಂಪು ಎಣ್ಣೆ, ಡೆಕ್ಸ್‌ರಾನ್ 3. ಇದು ಜನರಲ್ ಮೋಟರ್ಸ್‌ನ ಹೆಸರು. ಅವರು ಡೆಕ್ಸ್‌ರಾನ್ 6 ತಂದ ಮೇಲೆ 3ಕ್ಕೆ ಲೈಸೆನ್ಸ್ ಕೊಡುವುದನ್ನು ನಿಲ್ಲಿಸಿಬಿಟ್ಟರು, 2006ರ ಕೊನೆಗೇ ಆ ಲೆಕ್ಕ ಮುಗಿಯಿತು. ಈಗ ಡಬ್ಬದ ಮೇಲೆ ಡೆಕ್ಸ್‌ರಾನ್ 3 ಅಂತ ಬರೆದಿದ್ದರೆ ಅದು ಡಬ್ಬ ತುಂಬಿದವರ ಸ್ವಂತ ಮಾತು, ಹಿಂದೆ ನಿಂತು ಪರೀಕ್ಷೆ ಮಾಡುವವರು ಯಾರೂ ಇಲ್ಲ. ಪವರ್ ಸ್ಟೀರಿಂಗಿಗೆ ನಡೆಯಬಹುದು. ಐ10ನ ಗೇರ್‌ಬಾಕ್ಸಿಗೆ ಬೇಡ. ರೇಟು ಕಡಿಮೆ ಅನ್ನುವುದು ನಿಜ, ಆದರೆ ಗೇರ್‌ಬಾಕ್ಸ್ ಬಿಚ್ಚಿಸುವ ಖರ್ಚಿನ ಮುಂದೆ ಆ ಉಳಿತಾಯ ಯಾವ ಲೆಕ್ಕ?

ಹೆಚ್ಚು ಓಡಿದ ಗಾಡಿಗೆ ಅಂತಲೇ ಬೇರೆ ಎಣ್ಣೆ ಬರುತ್ತದೆ, ಹೈ ಮೈಲೇಜ್ ಅಂತ ಬರೆದಿರುತ್ತದೆ. ಅದನ್ನೂ ಯೋಚಿಸಿದ್ದೆ. ಅದರಲ್ಲಿ ಇರುವ ವಿಶೇಷ ಮುಖ್ಯವಾಗಿ ಒಂದು: ಗಟ್ಟಿಯಾದ ರಬ್ಬರ್ ಸೀಲುಗಳನ್ನು ಸ್ವಲ್ಪ ಮೆದು ಮಾಡುವ ರಾಸಾಯನಿಕ. ಗೇರ್‌ಬಾಕ್ಸ್ ಅಡಿಯಲ್ಲಿ ಜಿನುಗು ಕಾಣುತ್ತಿದ್ದರೆ ಇದು ಉಪಯೋಗಕ್ಕೆ ಬರುತ್ತದೆ. ನಮ್ಮ ಗಾಡಿಯಲ್ಲಿ ಪಾರ್ಕಿಂಗ್ ಜಾಗದ ಟೈಲ್ಸ್ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ, ಹಾಗಾಗಿ ಬೇಡ ಅಂದುಕೊಂಡೆ. ನೀವು ತೆಗೆದುಕೊಳ್ಳುವುದಾದರೆ ಡಬ್ಬದ ಹಿಂಭಾಗದ ಸಣ್ಣ ಅಕ್ಷರ ಓದಿ. ನಿಮ್ಮ ಪುಸ್ತಕದಲ್ಲಿರುವ ಹೆಸರು ಅಲ್ಲಿರಬೇಕು, ಎಸ್‌ಪಿ-3 ಅಂದರೆ ಎಸ್‌ಪಿ-3 ಅಂತಲೇ. ಎಲ್ಲಾ ಗಾಡಿಗೂ ಸರಿ ಅಂತ ಮುಂಭಾಗದಲ್ಲಿ ದೊಡ್ಡದಾಗಿ ಬರೆದಿದ್ದು ಸಾಲದು. ಸ್ಲಿಪ್ ನಿಲ್ಲಿಸುತ್ತೇವೆ ಅಂತ ಮಾರುವ ಸಣ್ಣ ಡಬ್ಬಿಗಳನ್ನಂತೂ ದಯವಿಟ್ಟು ಮುಟ್ಟಬೇಡಿ.

ಅಸಲಿ ಡಬ್ಬ ಹೌದೋ ಅಲ್ಲವೋ ಅನ್ನುವುದು ಇನ್ನೊಂದು ತಲೆನೋವು. ಮುಚ್ಚಳದ ಕೆಳಗೆ ಸೀಲ್ ಇದೆಯಾ, ಬ್ಯಾಚ್ ನಂಬರ್ ಮತ್ತು ತಯಾರಾದ ತಿಂಗಳು ಅಳಿಸದ ಹಾಗೆ ಅಚ್ಚಾಗಿದೆಯಾ, ಎಲ್ಲಾ ಡಬ್ಬದ ಲೇಬಲ್ ಒಂದೇ ಥರ ಇದೆಯಾ ನೋಡಿ. ಜಿಎಸ್‌ಟಿ ಬಿಲ್ ಕೇಳಿ. ಬಿಲ್ ಕೊಡಲು ಹಿಂದೆಮುಂದೆ ನೋಡುವ ಕಡೆ ತೆಗೆದುಕೊಳ್ಳಬೇಡಿ, ಎಷ್ಟೇ ರೇಟು ಬಿಡಲಿ.

ಈಗ ಎಲ್ಲರೂ ಹೆದರಿಸುವ ಮಾತಿಗೆ ಬರೋಣ. "ಇಷ್ಟ್ ಓಡಿದ್ ಗಾಡಿಗೆ ಹಳೇ ಆಯಿಲ್ ತಗಸಬ್ಯಾಡ್ರಿ, ತಗದ್ರ ಗೇರ್‌ಬಾಕ್ಸ್ ಕುಂತ್‌ಬಿಡ್ತೈತಿ." ಇದನ್ನು ಹೇಳದ ಮಿಸ್ತ್ರಿ ಸಿಗುವುದೇ ಅಪರೂಪ. ಇದರಲ್ಲಿ ಸ್ವಲ್ಪ ನಿಜ ಇದೆ. ಗೇರ್ ಆಗಲೇ ಜಾರುತ್ತಿದೆ, ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ, ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದೆ ಅಂದರೆ ಪ್ಲೇಟುಗಳು ಮುಗಿದಿವೆ ಅಂತ ಅರ್ಥ. ಹೊಸ ಎಣ್ಣೆ ಅದನ್ನು ಉಳಿಸುವುದಿಲ್ಲ. ಜನ ಸಾಮಾನ್ಯವಾಗಿ ಆ ಹಂತಕ್ಕೆ ಬಂದ ಮೇಲೆಯೇ ಎಣ್ಣೆ ಬದಲಿಸುತ್ತಾರೆ, ಗೇರ್‌ಬಾಕ್ಸ್ ಕೂರುತ್ತದೆ, ಕೆಟ್ಟ ಹೆಸರು ಎಣ್ಣೆಗೆ. ಗಾಡಿ ಚೆನ್ನಾಗಿಯೇ ನಡೆಯುತ್ತಿದೆ, ಎಣ್ಣೆ ಮಾತ್ರ ಹಳತಾಗಿದೆ ಅಂದರೆ ಬದಲಿಸುವುದೇ ಸರಿ. ನನ್ನ ಅಭಿಪ್ರಾಯ ಇದರಲ್ಲಿ ಗಟ್ಟಿ.

ನಮ್ಮ ಗಾಡಿ ಎರಡನೇ ಗುಂಪಿನದು. ಗೇರ್ ಜಾರುತ್ತಿರಲಿಲ್ಲ. ಆದರೆ ಧಾರವಾಡಕ್ಕೆ ಹೋಗುವಾಗ ನವಲೂರಿನ ಆಸುಪಾಸಿನಲ್ಲಿ, ಸ್ಪೀಡು 60ರ ಹತ್ತಿರ ಸ್ಥಿರವಾಗಿದ್ದು ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿದ್ದಾಗ, ರಸ್ತೆಯ ಸಣ್ಣ ಪಟ್ಟಿಗಳ ಮೇಲೆ ಹೋದ ಹಾಗೆ ಒಂದು ನಡುಕ ಬರುತ್ತಿತ್ತು. ಟೈರ್ ಬ್ಯಾಲೆನ್ಸಿಂಗ್ ಅಂತ ಎಲ್ಲರೂ ಹೇಳುತ್ತಾರೆ. ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಅಥವಾ ಬ್ರೇಕ್ ಪೆಡಲ್ ಸುಮ್ನೆ ಮುಟ್ಟಿದರೆ ನಡುಕ ತಕ್ಷಣ ನಿಂತರೆ ಅದು ಟೈರಿನದಲ್ಲ. ಟಾರ್ಕ್ ಕನ್ವರ್ಟರ್ ಒಳಗೆ ಒಂದು ಲಾಕಪ್ ಕ್ಲಚ್ ಇರುತ್ತದೆ, ಅದು ಹಿಡಿಯುವಾಗ ಎಣ್ಣೆಯ ಗುಣ ಕಳೆದುಹೋಗಿದ್ದರೆ ಹೀಗೆ ಬಿಟ್ಟು ಬಿಟ್ಟು ಹಿಡಿಯುತ್ತದೆ. ಬ್ರೇಕ್ ಮುಟ್ಟಿದ ಕೂಡಲೇ ಆ ಕ್ಲಚ್ ಬಿಡುತ್ತದೆ, ನಡುಕವೂ ಹೋಗುತ್ತದೆ. ಖರ್ಚಿಲ್ಲದ ಪರೀಕ್ಷೆ, ಹಳೆ ಆಟೋಮ್ಯಾಟಿಕ್ ಇರುವವರು ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲದಾಗ, ಮಾಡಿ ನೋಡಿ.

ಕಂಪನಿ ಪುಸ್ತಕಗಳಲ್ಲಿ ಎಣ್ಣೆ ಬದಲಿಸುವ ಅವಧಿ ಎರಡು ಥರ ಇರುತ್ತದೆ, ಮಾಮೂಲಿ ಬಳಕೆಗೆ ಒಂದು, ಕಷ್ಟದ ಬಳಕೆಗೆ ಒಂದು. ಕಷ್ಟದ ಬಳಕೆ ಅಂದರೆ ಜಾಸ್ತಿ ಬಿಸಿಲು, ಧೂಳು, ನಿಂತು ನಿಂತು ಹೋಗುವ ಟ್ರಾಫಿಕ್, ಘಟ್ಟ. ಇದರಲ್ಲಿ ನಮಗೆ ಇಲ್ಲದ್ದು ಯಾವುದು ಹೇಳಿ? ಚನ್ನಮ್ಮ ಸರ್ಕಲ್ ದಾಟಲು ಸಂಜೆ ಹೊತ್ತು ಏನು ಪಾಡು ಅಂತ ಎಲ್ಲರಿಗೂ ಗೊತ್ತು. ಅಂಕೋಲಾಕ್ಕೆ ಹೊರಟರೆ ಯಲ್ಲಾಪುರ ದಾಟಿ ಅರಬೈಲ್ ಘಟ್ಟ. ಇನ್ನು ಧೂಳು, ಅದಂತೂ ವರ್ಷಕ್ಕೆ ಎಂಟು ತಿಂಗಳು. ಹುಬ್ಬಳ್ಳಿ ಗಾಡಿ ಅಂದರೆ ಕಷ್ಟದ ಬಳಕೆಯ ಗಾಡಿ ಅಂತಲೇ ಹಿಡಿದು ಲೆಕ್ಕ ಹಾಕಿ.

ಗ್ಯಾರೇಜಿನ ಕಥೆ. ಈ ಮಿಸ್ತ್ರಿ ಮೊದಲು ಕೇಳಿದ್ದೇ "ಗಾಡಿ ಪುಸ್ತಕ ತಂದೀರೇನ್ರಿ ಅಕ್ಕಾರ?" ಅಂತ. ಅಲ್ಲಿಗೆ ನನಗೆ ಅರ್ಧ ಸಮಾಧಾನ. ಪುಸ್ತಕ ತೆರೆದು ಎಸ್‌ಪಿ-3 ಅಂತ ತಾವೇ ಓದಿಕೊಂಡರು, ಆಮೇಲೆ ನಾನು ತಂದ ಡಬ್ಬಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಬೇರೆ ಕಡೆ ಒಂದು ಗ್ಯಾರೇಜಿನಲ್ಲಿ ಮಷಿನ್ ಹಚ್ಚಿ ಒತ್ತಡದಲ್ಲಿ ಪೂರ್ತಿ ತೊಳೆದು ಕೊಡುತ್ತೇವೆ ಅಂದಿದ್ದರು. ಅದನ್ನು ಹೇಳಿದೆ. ಹಳೆ ಗಾಡಿಗೆ ಬೇಡ ಅಂದರು. ತಳದಲ್ಲಿ ಕೂತ ಕಸ ಎದ್ದು, ಎಣ್ಣೆಯನ್ನು ಬೇಕಾದ ಕಡೆ ತಿರುಗಿಸುವ ವಾಲ್ವ್ ಬಾಡಿಯ ಸಣ್ಣ ದಾರಿಗಳಲ್ಲಿ ಸಿಕ್ಕಿಕೊಂಡರೆ ಇರುವ ಗೇರೂ ಹೋಗುತ್ತದೆ ಅನ್ನುವುದು ಅವರ ವಾದ, ನನಗೂ ಸರಿ ಅನ್ನಿಸಿತು.

ಅವರ ದಾರಿ ನಿಧಾನದ್ದು. ಕೆಳಗಿನ ಪ್ಲಗ್ ಬಿಚ್ಚಿದರೆ ಪೂರ್ತಿ ಎಣ್ಣೆ ಬರುವುದಿಲ್ಲ, ಈ ಗೇರ್‌ಬಾಕ್ಸಿನಲ್ಲಿ ಒಟ್ಟು ಹೆಚ್ಚುಕಡಿಮೆ ಆರು ಲೀಟರ್ ಇರುತ್ತದೆ, ಒಂದು ಸಲಕ್ಕೆ ಸುಮಾರು ಅರ್ಧ ಇಳಿಯುತ್ತದೆ. ಉಳಿದಿದ್ದು ಟಾರ್ಕ್ ಕನ್ವರ್ಟರ್ ಮತ್ತು ಕೂಲರ್‌ನಲ್ಲೇ ಇರುತ್ತದೆ. ಹಾಗಾಗಿ ಇಳಿಸಿ, ಅಷ್ಟೇ ಹೊಸದು ತುಂಬಿ, ಕೆಲವು ದಿನ ಓಡಿಸಿ, ಮತ್ತೆ ಇಳಿಸಿ ತುಂಬಬೇಕು. ಪ್ರತಿ ಸಲ ಅರ್ಧ ಬದಲಾದರೆ ಮೊದಲ ಸಲಕ್ಕೆ ಶೇಕಡಾ 50 ಹೊಸದು, ಎರಡನೇ ಸಲಕ್ಕೆ 75, ಮೂರನೇ ಸಲಕ್ಕೆ 87ರ ಮೇಲೆ. ಅಲ್ಲಿಗೆ ನಿಲ್ಲಿಸಬಹುದು. ಎಣ್ಣೆ ಸ್ವಲ್ಪ ಜಾಸ್ತಿ ಬೇಕಾಗುತ್ತದೆ, ಆದರೆ ಗೇರ್‌ಬಾಕ್ಸಿಗೆ ಒಮ್ಮೆಲೇ ಪೆಟ್ಟು ಬೀಳುವುದಿಲ್ಲ.

ನನಗೆ ಬಹಳ ಇಷ್ಟವಾಗಿದ್ದು ಅವರು ಅಳತೆ ಮಾಡಿದ ರೀತಿ. ಇಳಿಸಿದ ಎಣ್ಣೆಯನ್ನು ಹಾಗೇ ಡ್ರಮ್ಮಿಗೆ ಸುರಿಯಲಿಲ್ಲ. ತಣ್ಣಗಾಗಲು ಬಿಟ್ಟು, ಗೆರೆ ಇರುವ ಪಾರದರ್ಶಕ ಕ್ಯಾನಿಗೆ ಹಾಕಿ, ಎಷ್ಟು ಬಂತು ಅಂತ ಗೋಡೆ ಮೇಲೆ ಚಾಕ್‌ಪೀಸಿನಿಂದ ಬರೆದರು. ಬಿಸಿ ಎಣ್ಣೆ ಹಿಗ್ಗಿರುತ್ತದೆ, ಅದನ್ನೇ ಅಳೆದು ಅಷ್ಟೇ ತಣ್ಣನೆಯದು ತುಂಬಿದರೆ ಜಾಸ್ತಿಯಾಗುತ್ತದೆ. ಡ್ರೇನ್ ಪ್ಲಗ್ಗಿನ ಅಯಸ್ಕಾಂತದ ಮೇಲೆ ಬೂದು ಬಣ್ಣದ ಮೆತ್ತನೆ ಪೇಸ್ಟ್ ಕೂತಿತ್ತು. ಅದನ್ನು ಎರಡು ಬೆರಳ ನಡುವೆ ಉಜ್ಜಿ ನನಗೂ ತೋರಿಸಿದರು. ನುಣ್ಣಗಿದೆ, ಚೂರು ಸಿಗುತ್ತಿಲ್ಲ, ಇದು ಮಾಮೂಲಿ ಸವೆತ ಅಂದರು. ಬೆರಳಿಗೆ ಚುಚ್ಚುವ ಲೋಹದ ಚೂರು ಬಂದಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ ಮಾತಾಡಬೇಕಿತ್ತಂತೆ. ಹಳೆ ಎಣ್ಣೆಯ ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಹಾಕಿದರು, ಪಕ್ಕದಲ್ಲಿ ಹೊಸದರ ಹನಿ. ಹಳೆಯದು ಚಹಾದ ಬಣ್ಣಕ್ಕಿಂತ ಗಾಢ, ನಡುವೆ ಕಪ್ಪು ಚುಕ್ಕೆ, ಆದರೆ ಸುಟ್ಟ ವಾಸನೆ ಇರಲಿಲ್ಲ. ಹೊಸದು ಸುತ್ತಲೂ ಒಂದೇ ಸಮ ಹರಡಿತು. ಎಣ್ಣೆ ಗುಲಾಬಿಯಾಗಿ ಕೆನೆಗಟ್ಟಿದ್ದರೆ ಮಾತ್ರ ಗಾಡಿ ಸ್ಟಾರ್ಟ್ ಮಾಡಲೇಬೇಡಿ, ರೇಡಿಯೇಟರ್ ಒಳಗಿನ ಕೂಲರ್ ಒಡೆದು ನೀರು ಸೇರಿದೆ ಅಂತ ಅರ್ಥ.

ತುಂಬಿದ ಮೇಲೆ ಲೆವೆಲ್ ನೋಡುವುದರಲ್ಲೂ ಅವಸರ ಮಾಡಲಿಲ್ಲ. ಗಾಡಿ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ ಬಂದು, ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಬ್ರೇಕ್ ಒತ್ತಿ ಎಲ್ಲಾ ಗೇರಿನಲ್ಲೂ ಒಂದೊಂದು ಕ್ಷಣ ಇಟ್ಟು, ಇಂಜಿನ್ ಆನ್ ಇದ್ದಾಗಲೇ ಡಿಪ್‌ಸ್ಟಿಕ್ ತೆಗೆದು, ನೂಲು ಬಿಡದ ಬಟ್ಟೆಯಲ್ಲಿ ಒರೆಸಿ ಮತ್ತೆ ಹಾಕಿ ನೋಡಿದರು. ಎಣ್ಣೆ ಹಾಟ್ ಗುರುತಿನ ಒಳಗೆ ಇರಬೇಕು. ಹ್ಯುಂಡೈನಲ್ಲಿ ಹೀಗೆ. ಹೋಂಡಾದಲ್ಲಿ ಇಂಜಿನ್ ಬಿಸಿ ಮಾಡಿ ಆಫ್ ಮಾಡಿದ ಮೇಲೆ ನೋಡಬೇಕು, ಹಾಗಾಗಿ ಒಬ್ಬರ ಗಾಡಿ ನೋಡಿ ಇನ್ನೊಬ್ಬರು ಮಾಡಬೇಡಿ.

ಫಲಿತಾಂಶ ಹೇಳುತ್ತೇನೆ. ಮೊದಲ ಕಂತಿಗೇ ನಡುಕ ಅರ್ಧಕ್ಕರ್ಧ ಇಳಿಯಿತು, ಮೂರನೆಯದರ ನಂತರ ಪೂರ್ತಿ ಹೋಯಿತು, ಧಾರವಾಡದ ರಸ್ತೆಯಲ್ಲಿ ಈಗ ಹುಡುಕಿದರೂ ಸಿಗುವುದಿಲ್ಲ. ಎರಡರಿಂದ ಮೂರಕ್ಕೆ ಹೋಗುವಾಗ ಇದ್ದ ಸಣ್ಣ ತಳ್ಳು ಹೋಯಿತು. ಟ್ರಾಫಿಕ್‌ನಲ್ಲಿ ಗಾಡಿ ಮೆತ್ತಗೆ ನಡೆಯುತ್ತದೆ. ಬೆಳಗಿನ ಮೊದಲ ರಿವರ್ಸ್ ಹಾಕಿದಾಗ ಒಂದು ಕ್ಷಣ ತಡವಾಗಿ ಹಿಡಿಯುವುದು ಮಾತ್ರ ಇನ್ನೂ ಇದೆ. ಕಡಿಮೆಯಾಗಿದೆ, ಹೋಗಿಲ್ಲ. ಸೀಲ್ ಹಳತಾಗಿದ್ದರೆ ರಾತ್ರಿ ಎಣ್ಣೆ ಕೆಳಗೆ ಇಳಿದು ಬೆಳಿಗ್ಗೆ ಒತ್ತಡ ಕಟ್ಟಲು ಸಮಯ ಹಿಡಿಯುತ್ತದೆ, ಅದನ್ನು ಎಣ್ಣೆ ಸರಿ ಮಾಡಲಾರದು. ಮೈಲೇಜಿನಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ, ನಾನು ಅದನ್ನು ನಿರೀಕ್ಷಿಸಿಯೂ ಇರಲಿಲ್ಲ.

ಐ10 ಅಲ್ಲದ ಗಾಡಿಯವರಿಗೆ ಒಂದೆರಡು ಮಾತು. ಗೇರ್ ಕಡ್ಡಿ ಇರುವ ಹಳೆ ಮಾರುತಿ ಗಾಡಿಗಳಿಗೆ ಪುಸ್ತಕದಲ್ಲಿ 75ಡಬ್ಲ್ಯು-80 ಅಥವಾ 75ಡಬ್ಲ್ಯು-90, ಜಿಎಲ್-4 ಅಂತ ಇರುತ್ತದೆ. ಮೊದಲಿನದು ಎಣ್ಣೆಯ ದಪ್ಪ, ಜಿಎಲ್ ಅನ್ನುವುದು ಗೇರ್ ಆಯಿಲ್‌ನ ದರ್ಜೆ. ಗದಗಿನಲ್ಲಿರುವ ನಮ್ಮ ಕಾಕಾ ಅವರ ವ್ಯಾಗನ್ ಆರ್‌ಗೆ ಒಂದು ಗ್ಯಾರೇಜಿನಲ್ಲಿ ಲಾರಿಗೆ ಹಾಕುವ ದಪ್ಪ ಜಿಎಲ್-5 ತುಂಬಿದ್ದರು, ಡಿಸೆಂಬರ್ ಬೆಳಿಗ್ಗೆ ಎರಡನೇ ಗೇರ್ ಬೀಳಲು ಎರಡೂ ಕೈ ಬೇಕು ಅನ್ನುವ ಹಾಗಾಗಿತ್ತು. ಜಿಎಲ್-5ರಲ್ಲಿ ಗಂಧಕ, ರಂಜಕದ ಅಂಶ ಜಾಸ್ತಿ, ಕೆಲವು ಗಾಡಿಗಳಲ್ಲಿ ಗೇರ್ ಸಲೀಸಾಗಿ ಬೀಳಲು ನೆರವಾಗುವ ಹಿತ್ತಾಳೆ ಸಿಂಕ್ರೋ ರಿಂಗುಗಳಿಗೆ ಅದು ಒಗ್ಗುವುದಿಲ್ಲ. ಸರಿಯಾದ 75ಡಬ್ಲ್ಯು-90 ಹಾಕಿಸಿದ ಮೇಲೆ ಗೇರ್ ಸಲೀಸಾಯಿತು. ಹಾಗಂತ ಜಿಎಲ್-5 ಕೆಟ್ಟದ್ದಲ್ಲ, ಬೊಲೆರೊದಂಥ ಗಾಡಿಯ ಹಿಂದಿನ ಡಿಫರೆನ್ಷಿಯಲ್‌ಗೆ ಅದೇ ಬೇಕು. ಮಾರುತಿಯ ಸೆಲೆರಿಯೊ 2014ರಲ್ಲಿ ತಂದ ಎಜಿಎಸ್ (ಗೇರ್ ತಾನೇ ಬದಲಿಸುವ) ಗಾಡಿಗಳು ಈಗ ಹಳತಾಗಿವೆ. ಅದರಲ್ಲಿ ಕ್ಲಚ್ ಪೆಡಲ್ ಇಲ್ಲ ಅಂತ ಕೆಂಪು ಎಟಿಎಫ್ ಹಾಕಲು ಹೋಗುವವರಿದ್ದಾರೆ. ಒಳಗಿರುವುದು ಮ್ಯಾನ್ಯುಯಲ್ ಗೇರ್‌ಬಾಕ್ಸೇ, ಅದಕ್ಕೆ ಗೇರ್ ಆಯಿಲ್, ಗೇರ್ ತಳ್ಳುವ ಹೈಡ್ರಾಲಿಕ್ ಭಾಗಕ್ಕೆ ಬೇರೆ ಎಣ್ಣೆ. ಸಿವಿಟಿ, ಅಂದರೆ ಗೇರುಗಳ ಬದಲು ಬೆಲ್ಟ್ ಇರುವ ಆಟೋಮ್ಯಾಟಿಕ್ ಇರುವವರು ಸಿವಿಟಿ ಎಣ್ಣೆ ಬಿಟ್ಟು ಬೇರೆ ಯಾವುದನ್ನೂ ಹಾಕಬೇಡಿ, ಅದರ ಸ್ಟೀಲ್ ಬೆಲ್ಟ್ ಹಿಡಿಯುವ ಲೆಕ್ಕವೇ ಬೇರೆ.

ಗ್ಯಾರೇಜಿಗೆ ಮಾರ್ಕ್ಸ್ ಕಡಿಮೆ ಯಾಕೆ ಅಂದೆನಲ್ಲ. ಸಮಯ. ಹತ್ತು ಗಂಟೆಗೆ ಬನ್ನಿ ಅಂದರೆ ಕೈ ಹಚ್ಚುವುದು ಹನ್ನೆರಡಕ್ಕೆ, ನಡುವೆ ಯಾರದೋ ಗಾಡಿ ಎಳೆದುಕೊಂಡು ಬಂದರೆ ಅದಕ್ಕೆ ಮೊದಲ ಪಾಳಿ. ಕೂರಲು ಒಂದು ಬೆಂಚು, ನೆರಳು ಮಧ್ಯಾಹ್ನದವರೆಗೆ ಮಾತ್ರ. ಕೂಲಿಯ ವಿಷಯದಲ್ಲಿ ನನ್ನ ತಕರಾರಿಲ್ಲ, ಮೊದಲೇ ಹೇಳಿದ್ದನ್ನೇ ತೆಗೆದುಕೊಂಡರು, ಎರಡನೇ ಮೂರನೇ ಕಂತಿಗೆ ಕಡಿಮೆ ಮಾಡಿದರು, ಡ್ರೇನ್ ಪ್ಲಗ್ಗಿನ ವಾಷರ್ ಪ್ರತಿ ಸಲ ಹೊಸದು ಹಾಕಿದರು. ಇಂಥ ಕೆಲಸಕ್ಕೆ ಯಾವ ಗ್ಯಾರೇಜಿಗೆ ಹೋದರೂ ಬೆಳಿಗ್ಗೆ ಬೇಗ ಹೋಗಿ, ಮುಂಚೆಯೇ ಫೋನ್ ಮಾಡಿ. ಎಣ್ಣೆ ತಣ್ಣಗಾಗಲು, ಮತ್ತೆ ಬಿಸಿ ಮಾಡಿ ಲೆವೆಲ್ ನೋಡಲು ಅರ್ಧ ದಿನ ಬೇಕೇ ಬೇಕು. ಡಬ್ಬ ನೀವೇ ಒಯ್ಯಿರಿ, ಒಂದು ಲೀಟರ್ ಜಾಸ್ತಿಯೇ ಇರಲಿ, ಮತ್ತೆ ಪುಸ್ತಕ ಮರೆಯಬೇಡಿ.